ಮೂರನೆಯ ಸಹಿ

ಗಿರಿಯಪ್ಪನ ಕಷ್ಟಕ್ಕೆಲ್ಲ ಮೂಲ ಎರಡು ಲೋಟ ಬಾದಾಮಿ ಹಾಲು.

ಹೋದ ಬೇಸಿಗೆ ಮಲ್ಲಿಕಾರ್ಜುನಯ್ಯನವರ ಮಗಳ ಮದುವೆಯಲ್ಲಿ ಅದನ್ನು ಕುಡಿದಿದ್ದ. ಅಷ್ಟು ತಣ್ಣಗಿನ ಹಾಲು ಅಜ್ಜಂಪುರದ ಯಾವ ಮದುವೆಯಲ್ಲೂ ಸಿಕ್ಕಿರಲಿಲ್ಲ. ಇನ್ನೊಂದು ಲೋಟ ಕೇಳಿ ಕುಡಿದು, ಎಲ್ಲಿಂದ ಬರುತ್ತಿದೆಯೆಂದು ಅಡುಗೆಯವರ ಹಿಂದೆ ಹೋಗಿ ಇಣುಕಿದರೆ, ಕೋಟೆ ಬೀದಿ ಕ್ಷೇಮಾಭಿವೃದ್ಧಿ ಸಂಘದ ಹೆಣದ ಪೆಟ್ಟಿಗೆ! ದೂರದ ನೆಂಟರು ಬರುವ ತನಕ ಸತ್ತವರನ್ನು ಇರಿಸಲೆಂದು ಸದಸ್ಯರೆಲ್ಲ ಸೇರಿ ಕೊಂಡಿದ್ದ, ಕರೆಂಟಿನಿಂದ ತಣ್ಣಗಾಗುವ ಗಾಜಿನ ಮುಚ್ಚಳದ ಪೆಟ್ಟಿಗೆ. ಅದರೊಳಗೆ ಹಾಲಿನ ಕ್ಯಾನುಗಳು ಸಾಲಾಗಿ, ಶಾಂತವಾಗಿ ಮಲಗಿದ್ದವು. ಮಲ್ಲಿಕಾರ್ಜುನಯ್ಯ ಸಂಘದ ಅಧ್ಯಕ್ಷರು.

ಗಿರಿಯಪ್ಪ ತಾಲ್ಲೂಕು ಕಚೇರಿಯ ಎದುರು ಕೂತು ಕ್ರಯಪತ್ರ ಬರೆಯುವವನು. ಮುಂದಿನ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತ. "ಪೆಟ್ಟಿಗೆ ಯಾರ್ದು ಕಣ್ರೀ? ಮೂರು ಜನ ಡೈರೆಕ್ಟರದ್ದೋ, ನೂರಾ ಹತ್ತು ಸದಸ್ಯರದ್ದೋ? ಸಭೆ ದೊಡ್ಡದೋ, ಕುರ್ಚಿ ದೊಡ್ಡದೋ?"

ಚಪ್ಪಾಳೆ ಬಿತ್ತು. ತಾನೇ ಬರೆದು ತಂದಿದ್ದ ನಿರ್ಣಯವನ್ನು ಓದಿದ. ಮೂವರು ನಿರ್ದೇಶಕರೂ ಶಾಯಿಯಲ್ಲಿ ಸಹಿ ಹಾಕದೆ ಪೆಟ್ಟಿಗೆ ಹೊರಡಕೂಡದು ಎಂಬುದು ಮೊದಲನೆಯ ಕಲಮು. ಉಳಿದ ಕಲಮುಗಳೂ ಕ್ರಯಪತ್ರದಲ್ಲಿ ಹೊಲದ ನಾಲ್ಕು ಗಡಿ ಗುರುತಿಸುವ ಚೆಕ್ಕುಬಂದಿಯಷ್ಟೇ ಬಿಗಿ. ಅಧ್ಯಕ್ಷರು ಎಲ್ಲೆಲ್ಲಿ ನುಸುಳಬಹುದೋ ಅಲ್ಲೆಲ್ಲ ಮುಳ್ಳುಕಂಟಿ ಹಾಕಿದ್ದ. ಎಲ್ಲರೂ ಕೈ ಎತ್ತಿದರು. ಮಲ್ಲಿಕಾರ್ಜುನಯ್ಯನವರೂ ಎತ್ತಿದರು.

ಈ ಬೇಸಿಗೆ, ಒಂದು ಮಂಗಳವಾರ ಬೆಳಿಗ್ಗೆ ಆರಕ್ಕೆ, ಗಿರಿಯಪ್ಪನ ತಾಯಿ ದ್ಯಾವಮ್ಮ ತೀರಿಕೊಂಡಳು.

ಸೂರತ್ತಿನಲ್ಲಿದ್ದ ತಂಗಿ ಫೋನಿನಲ್ಲಿ ಅತ್ತಳು. "ಅಣ್ಣಾ, ಈಗ್ಲೇ ಹೊಂಟೆ. ನಾಳೆ ಮಧ್ಯಾಹ್ನ ಬೀರೂರಲ್ಲಿ ಇಳೀತೀನಿ. ನಾನು ಮುಖ ನೋಡ್ದೆ ಅವ್ವನ್ನ ಎತ್ಬೇಡ ಕಣೋ."

"ಎತ್ತಲ್ಲ" ಎಂದ. ಯಾವ ಕಲಮೂ ಸೇರಿಸದೆ ಅವನು ಕೊಟ್ಟ ಮಾತು ಅದೊಂದೇ.

ಸಂಘದ ಬೀಗದ ಕೈ ಪಂಪ್‌ಸೆಟ್ ರಿಪೇರಿಯ ಮುನೀರ್ ಪಾಷಾನ ಹತ್ತಿರ ಇತ್ತು. ಅವನು ಕಣ್ಣೊರೆಸಿಕೊಂಡ. "ಗಿರಿಯಪ್ಪಣ್ಣ, ಅವ್ವ ನನಗೂ ಅವ್ವನೇ. ತಗೊಂಡೋಗಿ ಅಂತ ನನ್ನ ಮನಸ್ಸು ಹೇಳ್ತದೆ. ಆದ್ರೆ ನೋಡಿ..."

ಪೆಟ್ಟಿಗೆಯ ಪಕ್ಕಕ್ಕೆ ನಿರ್ಣಯ ಅಂಟಿಸಿತ್ತು. ಅಂಟಿಸಿದವನು ಗಿರಿಯಪ್ಪನೇ, ಒಂದು ಸುಕ್ಕೂ ಬರದಂತೆ.

"ವಾಟ್ಸಾಪಲ್ಲಿ ಒಪ್ಪಿಗೆ ತರಿಸ್ಕೊಂಡ್ರೆ?"

"ಶಾಯಿ ಅಂತ ಬರ್ದಿದೀರಲ್ಲಣ್ಣ."

ತರೀಕೆರೆಯ ಬಾಡಿಗೆ ಪೆಟ್ಟಿಗೆ ಬೇರೆ ಊರಿಗೆ ಹೋಗಿತ್ತು. ಕಡೂರಿನದು ಕೆಟ್ಟು ಕೂತಿತ್ತು. ನಿರ್ದೇಶಕರಲ್ಲಿ ಪಂಕಜಾಕ್ಷಿ ಮೇಡಂ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ತರೀಕೆರೆಯ ಮಗಳ ಮನೆಯಲ್ಲಿದ್ದರು. ಅಧ್ಯಕ್ಷರು ಕಡೂರಿನ ತಮ್ಮ ಕಾಯಿ ಮಂಡಿಯಲ್ಲಿ. ಮೂರನೆಯ ಮಂಜಪ್ಪ ಕಾಯಿಲೆಯ ಅಪ್ಪನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದಿದ್ದ. ಸಂಜೆಗೆ ಬರುತ್ತಾನೆ ಎಂದರು. ಗಿರಿಯಪ್ಪ ಪೆಟ್ಟಿಗೆಗೆ ಅರ್ಜಿ ಬರೆದು, ನಿರ್ಣಯದ ಪ್ರತಿಯ ಜೊತೆ ಜೇಬಿಗಿಟ್ಟುಕೊಂಡ.

"ಹೋಗ್ಬನ್ನಿ, ನಾನಿದೀನಿ" ಎಂದಳು ಹೆಂಡತಿ ಕೋಮಲಾ. ಪಕ್ಕದ ಮನೆಯ ಮಲ್ಲಿಕಾಂಬ ಆಗಲೇ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ವಿಷಯ ಬಿಡಿಸಿ ಹೇಳುತ್ತಿದ್ದಳು. "ಪೆಟ್ಟಿಗೆಗೆ ಬೇಲಿ ಹಾಕ್ದೋನು ಇವನೇ ಕಣ್ರೀ. ಈಗ ಗೇಟ್ ಹುಡುಕ್ತಾ ಹೋಗ್ತಾವ್ನೆ, ಪಾಪ."

ತರೀಕೆರೆಯಲ್ಲಿ ಪಂಕಜಾಕ್ಷಿ ಮೇಡಂ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಮೂವತ್ತು ವರ್ಷ ಪಾಠ ಹೇಳಿದವರು.

"ನನಗೀಗ ಓದಕ್ಕಾಗಲ್ಲ ಗಿರಿಯಪ್ಪ. ಓದದೆ ಸಹಿ ಹಾಕೋ ಡೈರೆಕ್ಟರು ಕುರಿಗೆ ಸಮ ಅಂತ ಸಭೇಲಿ ಅಂದೋರು ಯಾರು?"

"ನಾನೇ, ಮೇಡಂ."

"ಹಂಗಾದ್ರೆ ಓದಿ ಹೇಳಿ. ನಿರ್ಣಯನೂ ಸೇರಿಸಿ."

ಗಿರಿಯಪ್ಪ ನಿಂತುಕೊಂಡು ತನ್ನ ನಿರ್ಣಯವನ್ನು ತಾನೇ ಓದತೊಡಗಿದ. ಎರಡನೆಯ ಕಲಮಿಗೆ ಬಂದವನು ಒಂದೇ ಸಾಲನ್ನು ಎರಡು ಸಲ ಓದಿದ. ಮೇಡಂ ಕೈ ಚಾಚಿ ತಡವರಿಸಿ ಅವನ ಮಣಿಕಟ್ಟು ಹಿಡಿದರು. "ಸಾಕು ಬಿಡಿ. ಎಲ್ಲಿ ಹಾಕ್ಲಿ, ಬೆರಳಿಟ್ಟು ತೋರ್ಸಿ." ಸಹಿ ಅರ್ಜಿಯಿಂದ ಹೊರಟು ಅವನ ಹೆಬ್ಬೆರಳಿನ ಮೇಲೆ ಮುಗಿಯಿತು.

ಕಡೂರಿಗೆ ಮುಟ್ಟಿದಾಗ ಮಧ್ಯಾಹ್ನ ಎರಡು. ಬಿಸಿಲು ಬಾಣಲೆಯಂತಿತ್ತು. ಮಲ್ಲಿಕಾರ್ಜುನಯ್ಯ ಕಾಯಿ ರಾಶಿಯ ಪಕ್ಕದಿಂದ ಎದ್ದು ಬಂದು, ನೀರು ಕೊಟ್ಟು, ಒಂದೂ ಕೊಂಕು ಮಾತಾಡದೆ ಸಹಿ ಹಾಕಿದರು. ಗಿರಿಯಪ್ಪನಿಗೆ ಅದೇ ಹೆಚ್ಚು ನೋವಾಯಿತು.

"ಮಂಜಪ್ಪಂದೊಂದು ಬಾಕಿ. ಸಂಜೆ ಹಾಕಿಸ್ಕೋತೀನಿ ಸ್ವಾಮಿ."

"ಅವನೆಲ್ಲಿ ಡೈರೆಕ್ಟರಪ್ಪಾ? ಅಪ್ಪನ್ನ ನೋಡ್ಕೋಬೇಕು, ನಿಮ್ಮ ಕಲಮು ಹೊರೋ ಶಕ್ತಿ ಇಲ್ಲ ಅಂತ ರಾಜೀನಾಮೆ ಕೊಟ್ನಲ್ಲ. ಹೋದ ವಾರ ಅಂಗೀಕಾರನೂ ಆಯ್ತು."

ಗಿರಿಯಪ್ಪ ಕಾಯಿ ರಾಶಿಯ ಮೇಲೆ ಕೂತುಬಿಟ್ಟ. ಮೂರು ಸಹಿ ಬೇಕು, ಇರುವುದು ಎರಡು ಕೈ.

ಅಧ್ಯಕ್ಷರು ಗಡ್ಡ ಕೆರೆದರು. "ಒಂದು ದಾರಿ ಐತೆ. ಖಾಲಿ ಜಾಗಕ್ಕೆ ಉಳಿದ ಇಬ್ಬರು ಸೇರಿ ಯಾವ ಸದಸ್ಯನ್ನಾದ್ರೂ ನೇಮಿಸ್ಕೋಬೋದು. ಹಳೇ ನಿಯಮ, ನೀವು ಮುಟ್ಟಿಲ್ಲ. ನಿಮ್ಮನ್ನೇ ಹಾಕ್ಕೊಂಡ್ಬಿಟ್ರೆ?" ಅಲ್ಲಿಂದಲೇ ಪಂಕಜಾಕ್ಷಿಯವರಿಗೆ ಫೋನು ಹೋಯಿತು. ಅವರು ಹೂಂ ಎಂದರು. ಅಧ್ಯಕ್ಷರು ಸಂಘದ ಹಾಳೆಯಲ್ಲಿ ನಾಲ್ಕು ಸಾಲು ಗೀಚಿದರು. ನಿರ್ದೇಶಕ ಗಿರಿಯಪ್ಪ ಸದಸ್ಯ ಗಿರಿಯಪ್ಪನ ಅರ್ಜಿಗೆ ಮೂರನೆಯ ಸಹಿ ಹಾಕಿದ.

"ನಡೀರಿ, ನಾನು ಮೇಡಂನ ಕಾರಲ್ಲಿ ಕರ್ಕೊಂಡು ಬತ್ತೀನಿ. ಅವ್ವನ ಮುಖ ನೋಡ್ಬೇಕು" ಎಂದರು ಮಲ್ಲಿಕಾರ್ಜುನಯ್ಯ. ಬಸ್ಸಿನಲ್ಲಿ ಬೀರೂರು ದಾಟುವ ತನಕ ಗಿರಿಯಪ್ಪ ಆ ಹಾಲಿನ ವಿಷಯಕ್ಕೆ ನಾಚಿಕೊಂಡ.

ಅಜ್ಜಂಪುರದಲ್ಲಿ ಇಳಿದವನೇ ಮನೆಯ ಅಂಗಳಕ್ಕೆ ಬಂದ. ಬೀದಿಯವರೆಲ್ಲ ಅಲ್ಲೇ ಇದ್ದರು. ಮುನೀರ್ ಪಾಷಾ ಬೀಗದ ಕೈ ಹಿಡಿದುಕೊಂಡೇ ಕಾಯುತ್ತಿದ್ದ. ಹಾಳೆ ಓದಿದ, ಕೈ ಕುಲುಕಿದ, ಮತ್ತೆ ಓದಿದ. ಮುಖ ಇಳಿಯಿತು.

"ಅಣ್ಣಾ, ನಾಲ್ಕನೇ ಕಲಮು."

ಗಿರಿಯಪ್ಪನಿಗೆ ಓದಬೇಕಾಗಿರಲಿಲ್ಲ. 'ಯಾವ ನಿರ್ದೇಶಕನೂ ತನ್ನ ಸ್ವಂತ ಮನೆಯ ಕೆಲಸಕ್ಕೆ ಪೆಟ್ಟಿಗೆ ಪಡೆಯಲು ತಾನೇ ಸಹಿ ಮಾಡತಕ್ಕದ್ದಲ್ಲ.' ಬಾದಾಮಿ ಹಾಲನ್ನು ನೆನೆದು, ಹಲ್ಲು ಕಚ್ಚಿ ಬರೆದಿದ್ದ ಕಲಮು.

"ಹಂಗಾದ್ರೆ ರಾಜೀನಾಮೆ ಕೊಡ್ತೀನಿ. ಬೇರೆ ಯಾರ್ನಾದ್ರೂ ಹಾಕ್ಕೊಳ್ರಪ್ಪಾ."

"ಅಂಗೀಕಾರಕ್ಕೆ ಏಳು ದಿನ. ಮೂರನೇ ಕಲಮು."

ಅಷ್ಟರಲ್ಲಿ ಕಾರು ಬಂತು. ಪಂಕಜಾಕ್ಷಿ ಮೇಡಂ ಹೂವಿನ ಹಾರ ಹಿಡಿದು, ಮಲ್ಲಿಕಾರ್ಜುನಯ್ಯನವರ ತೋಳು ಹಿಡಿದು ಇಳಿದರು. ಗಿರಿಯಪ್ಪ ಕೈ ಮುಗಿದ. "ಸ್ವಾಮಿ, ಈ ಒಂದ್ಸಲ ನೀವೇ ಹೇಳ್ಬಿಡಿ. ಅಧ್ಯಕ್ಷರು ನೀವು."

"ನಾವ್ಯಾರಪ್ಪಾ?" ಎಂದರು ಮಲ್ಲಿಕಾರ್ಜುನಯ್ಯ. "ಸಭೆ ಮಾಡಿದ್ದನ್ನ ಕುರ್ಚಿ ಮುರಿಯೋಕಾಗ್ತದಾ?" ಅದು ಸೇಡೋ ವಿಧೇಯತೆಯೋ ಅವರ ಮುಖದಲ್ಲಿ ತಿಳಿಯಲಿಲ್ಲ. ಕಣ್ಣಂತೂ ಒದ್ದೆಯಾಗಿತ್ತು.

"ಸದಸ್ಯರೆಲ್ಲ ಇಲ್ಲೇ ಇದೀವಲ್ರೀ!" ಎಂದಳು ಮಲ್ಲಿಕಾಂಬ. "ಈಗ್ಲೇ ಸಭೆ ಮಾಡಿ, ಕಲಮು ಕಿತ್ತಾಕಿ!"

ಅಂಗಳದ ತುಂಬ ಹೂಂ ಹೂಂ ಎಂದಿತು. ಆಮೇಲೆ ಯಾರೋ ಮೆಲ್ಲಗೆ, "ಸಭೆಗೆ ಹದಿನೈದು ದಿನದ ನೋಟೀಸು ಬೇಕಲ್ವಾ?" ಎಂದರು. ಎಲ್ಲರೂ ಗಿರಿಯಪ್ಪನನ್ನು ನೋಡಿದರು. "ಐದನೇ ಕಲಮು" ಎಂದ ಅವನು, ನೆಲ ನೋಡುತ್ತ.

ಕೋಮಲಾ ಆಗಲೇ ಮೀನಿನ ಅಂಗಡಿಯಿಂದ ಐಸಿನ ಗಟ್ಟಿಗಳನ್ನು ತರಿಸಿ, ಅತ್ತೆಯನ್ನು ಮಲಗಿಸಿದ್ದ ಹಲಗೆಯ ಕೆಳಗೆ ಹೊಟ್ಟು ಸುರಿದು ಜೋಡಿಸಿ, ಗೋಣಿ ಹೊದಿಸಿದ್ದಳು. ನೀರು ಹೊಸಿಲು ದಾಟಿ ಬರುತ್ತಿತ್ತು. ತುಸು ಮೀನಿನ ವಾಸನೆ. ಬದುಕಿರುವ ತನಕ ಮೀನು ಮುಟ್ಟದವಳು ದ್ಯಾವಮ್ಮ.

ಹೊತ್ತು ಮುಳುಗುವ ಮೊದಲು ಮಂಜಪ್ಪ ಬಂದ. ಕೈಯಲ್ಲಿ ಒಂದು ಅರ್ಜಿ.

"ಅಪ್ಪ ದಾರೀಲೇ ಹೋಗ್ಬಿಟ್ಟ ಕಣೋ ಗಿರಿ. ಅಕ್ಕ ನಾಗಪುರದಿಂದ ಬರ್ಬೇಕು." ದ್ಯಾವಮ್ಮನ ಕಡೆ ನೋಡಿ, ಹಾಳೆಯನ್ನು ಹಿಂದಕ್ಕೆ ಅಡಗಿಸಿಕೊಂಡ.

ಮಂಜಪ್ಪ ಈಗ ಬರೀ ಸದಸ್ಯ. ಮೂವರು ನಿರ್ದೇಶಕರೂ ಒಂದೇ ಅಂಗಳದಲ್ಲಿದ್ದರು. ಕಲಮಿನಲ್ಲಿ ಕೂದಲೆಳೆಯಷ್ಟೂ ಅಡ್ಡಿಯಿಲ್ಲ. ಮಲ್ಲಿಕಾರ್ಜುನಯ್ಯ ಅವನ ಕೈಯಿಂದ ಹಾಳೆ ತೆಗೆದುಕೊಂಡು, ತಲೆ ತಗ್ಗಿಸಿ ಸಹಿ ಹಾಕಿದರು. ಅವರು ಬೆರಳಿಟ್ಟು ತೋರಿಸಿದಲ್ಲಿ ಮೇಡಂ ಹಾಕಿದರು. ಹಾಳೆ ಗಿರಿಯಪ್ಪನ ಮುಂದೆ ಬಂತು.

ಅವನು ಅರ್ಜಿಯನ್ನು ಮೇಲಿನಿಂದ ಕೆಳಗೆ ಓದಿದ. "ತಾರೀಕು ಹಾಕಿಲ್ಲ" ಎಂದ. ತಾನೇ ಹಾಕಿ, ಅದರ ಕೆಳಗೆ ಸಹಿ ಮಾಡಿದ.

ಪೆಟ್ಟಿಗೆ ಗೂಡ್ಸ್ ಆಟೋದಲ್ಲಿ ಅವನ ಬಾಗಿಲ ಮುಂದೆಯೇ ಹಾದುಹೋಯಿತು. ಪ್ಲಗ್ಗಿನ ವೈರು ನೆಲಕ್ಕೆ ಎಳೆಯುತ್ತಿತ್ತು. ಮುನೀರ್ ಪಾಷಾ ಓಡಿಹೋಗಿ ಅದನ್ನು ಎತ್ತಿಕಟ್ಟಿ, ಅಲ್ಲಿಂದಲೇ ಕೂಗಿದ. "ವಾಪಸ್ ಬಂದ ತಕ್ಷಣ ಹೇಳ್ತೀನಿ, ಡೈರೆಕ್ಟ್ರೇ!"

"ಸಹಿ ಹಾಕಿದ್ರಾ?" ಎಂದಳು ಕೋಮಲಾ.

"ಹಾಕ್ದೆ."

ಅವಳು ಒದ್ದೆ ಗೋಣಿಯ ಅಂಚು ಎತ್ತಿ ನೋಡಿದಳು. "ಐಸು ಇನ್ನೆರಡು ಗಟ್ಟಿ ಬೇಕು. ಅಂಗಡಿ ಮುಚ್ಚೋದ್ರೊಳಗೆ ಹೋಗಿ" ಎಂದಳು.