ಎರಡು ಸಲ ಬೀಳ್ಕೊಟ್ಟ ಭಾವ

ನಮ್ಮ ಭಾವನಿಗೆ ದೇವರ ಕರೆ ಬಂದದ್ದು ನೆಟ್‌ವರ್ಕೇ ಇಲ್ಲದ ಜಾಗದಲ್ಲಿ! ಹೊಸನಗರದಿಂದ ಒಳಗೆ, ಯಾರದೋ ಗದ್ದೆಯ ಬಾವಿಕಟ್ಟೆಯ ಮೇಲೆ ಕೂತು ಕೆಟ್ಟ ಪಂಪ್‌ಸೆಟ್ ಬಿಚ್ಚುತ್ತಿದ್ದಾಗ, "ಆಫ್ರಿಕಾಕ್ಕೆ ಹೋಗು" ಎಂದು ಅಚ್ಚ ಕನ್ನಡದಲ್ಲಿ ಕೇಳಿಸಿತಂತೆ. ಸಾಗರದಲ್ಲಿ ಟವರಿನ ಬುಡದಲ್ಲೇ ಮನೆ ಮಾಡಿಕೊಂಡಿರುವ ನನಗೆ ಪಕ್ಕದ ಬೀದಿಯವರ ಫೋನೇ ಅರ್ಧಕ್ಕೆ ಕಡಿದುಹೋಗುತ್ತದೆ. ಅವರಿಗೆ ಮಾತ್ರ ಸ್ವರ್ಗದಿಂದ ನೇರ ಲೈನು!

ವಿಷಯ ತಿಳಿದು ಓಡಿಹೋದರೆ ನನ್ನ ಅಕ್ಕ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ನಿಮ್ಮ ಭಾವಂಗೆ ಕರೆ ಬಂದಿದೆಯಂತೆ. ನಂಗೆ ಒಂದು ಮಿಸ್ಡ್ ಕಾಲೂ ಬಂದಿಲ್ಲ ನೋಡು" ಎಂದಳು.

ಭಾವನ ಕಸುಬು ಪಂಪ್‌ಸೆಟ್ ರಿಪೇರಿ. ಆಫ್ರಿಕಾದ ಯಾವುದೋ ಮೂಲೆಯಲ್ಲಿ ಮಿಷನ್ ಶಾಲೆಯೊಂದಿತ್ತು. ಅಲ್ಲಿ ಸುವಾರ್ತೆ ಹೇಳುವುದರ ಜೊತೆಗೆ ನೀರಿನ ಪಂಪು ನೋಡಿಕೊಂಡು, ಮಕ್ಕಳಿಗೂ ಆ ಕೆಲಸ ಕಲಿಸುವವರು ಬೇಕಾಗಿತ್ತು. ಮಿಷನ್ನಿನವರು ಭಾವನನ್ನು ಒಪ್ಪಿದರು. ಒಂದೇ ಷರತ್ತು: ಸಂಸಾರದ ಖರ್ಚಿಗೆ ಬೇಕಾದ ಬೆಂಬಲವನ್ನು ನಿಮ್ಮ ಚರ್ಚಿನ ಸಭೆಗಳಲ್ಲೇ ಹುಡುಕಿಕೊಳ್ಳಿ. ಬೆಂಬಲ ಸಿಕ್ಕರೆ ಉಂಟು, ಇಲ್ಲದಿದ್ದರೆ ಹೊಸನಗರವೇ ಗತಿ. ಭಾವ ಮೊದಲು ಮಾಡಿದ ಕೆಲಸವೇನು ಗೊತ್ತೇ? ಪಾಸ್‌ಪೋರ್ಟಿಗೂ ಮುಂಚೆ ಚಕ್ರವಿರುವ ದೊಡ್ಡ ನೀಲಿ ಸೂಟ್‌ಕೇಸ್ ಕೊಂಡರು! ವಿಮಾನ ನಿಲ್ದಾಣದಲ್ಲಿ ತಡವರಿಸಬಾರದೆಂದು ದಿನಾ ಬೆಳಿಗ್ಗೆ ಅದನ್ನು ಬೀದಿಯಲ್ಲಿ ಎಳೆದು ಅಭ್ಯಾಸ ಮಾಡುತ್ತಿದ್ದರು. ಬಸ್‌ಸ್ಟ್ಯಾಂಡಿಗೆ ಹೊರಟಿದ್ದಾರೆಂದು ಆಟೋದವರು ಬಂದು ನಿಲ್ಲಿಸುತ್ತಿದ್ದರು.

ಆಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಸಭೆಸಭೆಗೆ ಸುತ್ತಾಟ ಶುರುವಾಯಿತು. ಸ್ಕೂಟರಿನ ಮುಂದೆ ಪ್ರೊಜೆಕ್ಟರು, ಹಿಂದೆ ಅಕ್ಕ, ನಡುವೆ ಅವರ ಮಗಳು. ಪರದೆಯೆಂದರೆ ಅಕ್ಕನ ಮದುವೆಗೆ ಬಂದ ಹೂವಿನ ಬೆಡ್‌ಶೀಟು. ಹಾಗಾಗಿ ಭಾವ ತೋರಿಸಿದ ಆಫ್ರಿಕಾದ ಮರುಭೂಮಿಯ ತುಂಬ ಅಂಗೈಯಗಲದ ಗುಲಾಬಿಗಳು ಅರಳಿರುತ್ತಿದ್ದವು. ಭಾಷಣ ಮುಗಿದ ಮೇಲೆ ಮಗಳು ಅಲ್ಲಿಯ ಭಾಷೆಯಲ್ಲಿ ಒಂದು ಹಾಡು ಹೇಳುವಳು. ಜನ ಕಣ್ಣೊರೆಸಿಕೊಂಡು, ಕಾಫಿ ಕೊಟ್ಟು, "ಪ್ರಾರ್ಥನೆಯಲ್ಲಿ ನಿಮ್ಮನ್ನ ನೆನೆಸ್ಕೊಳ್ತೀವಿ" ಎನ್ನುವರು. ನಮ್ಮ ಕಡೆಯ ಕ್ರೈಸ್ತರಲ್ಲಿ ಈ ಮಾತಿಗೆ "ಕೈಯಲ್ಲಿ ಏನೂ ಇಲ್ಲ, ಹೋಗಿಬನ್ನಿ" ಎಂದು ಅರ್ಥ.

"ಇವತ್ತು ಹೋದ ಮನೆಯವರೆಲ್ಲ ನೆನೆಸ್ತಾರಂತೆ. ಅಷ್ಟು ಅಕ್ಕಿ ನೆನೆಸಿದ್ರೆ ನಾಳೆಗೆ ದೋಸೆನಾದ್ರೂ ಆಗ್ತಿತ್ತು" ಎಂದು ಅಕ್ಕ ಗೊಣಗುತ್ತಿದ್ದಳು. ಗೊಣಗುತ್ತಲೇ ಮರುದಿನದ ಸಭೆಗೆ ಬೆಡ್‌ಶೀಟಿಗೆ ಇಸ್ತ್ರಿ ಹಾಕುತ್ತಿದ್ದಳು.

ಭಾಷೆ ಕಲಿತದ್ದು ಇನ್ನೊಂದು ಕಥೆ. ಭಾವನಿಗೆ ಮೊದಲು ಬಾಯಿಗೆ ಹತ್ತಿದ ಪದ "ಕರಿಬು". ಅಲ್ಲಿಯವರು ಬಾಗಿಲಿಗೆ ಬಂದವರಿಗೆ "ಬನ್ನಿ, ಬನ್ನಿ" ಎನ್ನಲು ಹೇಳುವ ಮಾತು. ಹಾಲಿನವನು ಬಂದರೂ ಕರಿಬೂ, ಕರೆಂಟ್ ಬಿಲ್ಲಿನವನು ಬಂದರೂ ಕರಿಬೂ! ಪಕ್ಕದ ಮನೆಯ ಹವ್ಯಕರ ಅಮ್ಮ ಒಂದು ದಿನ ಮಜ್ಜಿಗೆ ಕೊಡಲು ಬಂದವರು ಈ ಕೂಗು ಕೇಳಿ ಅಂಗಳದಲ್ಲೇ ನಿಂತರು.

"ಕರಿಬೇವಾ ತಮಾ? ಎಂಗಳ ಹಿತ್ಲಲ್ಲಿ ರಾಶಿ ಇದ್ದು, ತಡಿ, ತಗಂಡು ಬತ್ತೆ" ಎಂದು ಹೋಗಿ ಸೆರಗಿನ ತುಂಬ ಕರಿಬೇವು ಕಿತ್ತು ತಂದರು. ಅವರು ಬಂದಾಗಲೆಲ್ಲ ಭಾವ ಕರಿಬೂ ಎನ್ನುವರು, ಅವರು ಹೋಗಿ ಕರಿಬೇವು ತರುವರು. ಆ ಮನೆಯ ಸಾರು, ಪಲ್ಯ, ಚಟ್ನಿಗಳಲ್ಲಿ ಎಷ್ಟು ಕರಿಬೇವೆಂದರೆ ಅಕ್ಕನೇ ಸೋತು, "ಅಮ್ಮಾ, ಇವರು ಕರಿಬೇವು ಕೇಳ್ತಿಲ್ಲ, ನಿಮ್ಮನ್ನ ಒಳಗೆ ಕರೀತಿದ್ದಾರೆ" ಎಂದು ಬಿಡಿಸಿ ಹೇಳಬೇಕಾಯಿತು.

ಅಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡು, "ಅಯ್ಯೋ, ಇಷ್ಟು ದಿನ ಒಳಗೆ ಕರದ್ದಾ! ಹಂಗಂದ್ರೆ ಒಂದು ಲೋಟ ಕಾಫಿನಾದ್ರೂ ಕೊಡು" ಎಂದು ಒಳಗೆ ಬಂದು ಕೂತರು.

ಆದರೆ ಭಾವನ ನಿಜವಾದ ವೈಭವ ನೋಡಬೇಕಾದರೆ ಕೊಯ್ಲಿನ ಹಬ್ಬಕ್ಕೆ ಬರಬೇಕಿತ್ತು. ಆ ದಿನ ಸಭೆಯವರು ತಮ್ಮ ಬೆಳೆಯ ಮೊದಲ ಪಾಲನ್ನು ದೇವಾಲಯಕ್ಕೆ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅದೆಲ್ಲದರ ಏಲಂ. ಏಲಂ ಕೂಗುವುದು ಭಾವನ ಹಕ್ಕು. "ಒಂದು ಸಲ" ಎಂದು ಸಲೀಸಾಗಿ ಹೇಳುವರು. "ಎರಡು ಸಲ" ಎಂದವರು ಅಲ್ಲೇ ನಿಂತುಬಿಡುವರು! ಕನ್ನಡಕ ಒರೆಸುವರು, ನೀರು ಕುಡಿಯುವರು, ಕೈ ಬಿಗಿಹಿಡಿದವರ ಮುಖವನ್ನೇ ಕರುಣೆಯಿಂದ ನೋಡುವರು. ಆ ನೋಟ ತಡೆಯಲಾರದೆ ಯಾರಾದರೊಬ್ಬರು ಇನ್ನಷ್ಟು ಏರಿಸಿದ ಮೇಲೆಯೇ "ಮೂರು ಸಲ" ಬರುತ್ತಿದ್ದದ್ದು. ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ಗೆದ್ದವರು ವಸ್ತುವನ್ನು ಮನೆಗೆ ಒಯ್ಯದೆ, "ಮತ್ತೆ ಏಲಂ ಹಾಕಿ" ಎಂದು ತಿರುಗಿ ಕೊಡುತ್ತಾರೆ. ಹೀಗೆ ಒಂದು ವರ್ಷ ಒಂದೇ ಹೇಂಟೆಕೋಳಿ ಕೈಯಿಂದ ಕೈಗೆ ತಿರುಗಿ ತಿರುಗಿ, ಬೇಸತ್ತು, ಮೇಜಿನ ಮೇಲೇ ಮೊಟ್ಟೆಯಿಟ್ಟಿತು. ಭಾವ ಆ ಮೊಟ್ಟೆಯನ್ನೂ ಏಲಂ ಹಾಕಿದರು!

ಬೆಂಬಲ ಅಂತೂ ಕೂಡಿಬಂತು. ಹೊರಡುವ ದಿನ ಗೊತ್ತಾಯಿತು. ನಾವು ಭರ್ಜರಿ ಬೀಳ್ಕೊಡುಗೆ ಮಾಡಿದೆವು. ಶಾಲು ಹೊದಿಸಿ, ಹಾಡು ಹೇಳಿ, ಕೋಳಿ ಸಾರು ಉಂಡು, ಅತ್ತು ಕಳಿಸಿಕೊಟ್ಟೆವು. ಮುಂದಿನ ಭಾನುವಾರ ನೋಡಿದರೆ ಭಾವ ಮೊದಲ ಬೆಂಚಿನಲ್ಲೇ ಕೂತಿದ್ದಾರೆ! ವೀಸಾ ತಡೆಹಿಡಿದಿದ್ದರಂತೆ. ಕೆಲವು ತಿಂಗಳ ಮೇಲೆ ಎರಡನೇ ಬೀಳ್ಕೊಡುಗೆ. ಈ ಸಲ ಸಭೆಯವರು ಹೊಸ ಶಾಲು ತರಲಿಲ್ಲ. ಹಳೆಯದನ್ನೇ ಭಾವ ಒಗೆದು ಮಡಿಸಿ ತಂದುಕೊಟ್ಟರು, ಹೊದಿಸಿದೆವು. ಕೋಳಿ ಹೋಗಿ ಕಡಲೆ ಬಂತು. ಆ ಪ್ರಯಾಣವೂ ಮುಂದಕ್ಕೆ ಹೋಯಿತು.

"ಮೂರನೇ ಸಲ ಊಟ ನಿಮ್ದೇ ಭಾವ" ಎಂದೆ ನಾನು.

"ಹಾಕ್ಸೋಣ ಬಿಡೋ. ಎಲ್ಲರೂ ಹೊಟ್ಟೆ ತುಂಬ ಉಣ್ಣಿ" ಎಂದು ನಕ್ಕರು.

ಅಲ್ಲಿಯ ರೋಗಗಳೆಂದರೆ ಭಾವನಿಗೆ ಮಹಾ ಭಯ. ಬೆಂಗಳೂರಿಗೆ ಹೋಗಿ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡರು. ಸೊಳ್ಳೆಪರದೆ, ಮಲೇರಿಯಾ ಮಾತ್ರೆ ಎಲ್ಲ ನೀಲಿ ಸೂಟ್‌ಕೇಸು ಸೇರಿದವು. ಆ ಬೇಸಗೆಯಲ್ಲಿ ನಮ್ಮ ಕಾಡಂಚಿನಲ್ಲಿ ಮಂಗಗಳು ಸತ್ತು ಬೀಳಲು ಶುರುವಾಗಿತ್ತು. ಮಂಗನ ಕಾಯಿಲೆ ನಮಗೆ ಹೊಸದಲ್ಲ. ತರಗೆಲೆಯಲ್ಲಿರುವ ಉಣುಗು ಹುಳ ಕಚ್ಚಿ ಮನುಷ್ಯರಿಗೆ ಹತ್ತುವ ಜ್ವರ ಅದು. ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟಳು.

"ಕಾಡಿನ ಕಡೆ ಹೋಗೋವಾಗ ಕೈಕಾಲಿಗೆ ಹಚ್ಕೊಳ್ರೀ" ಎಂದು ಎರಡೆರಡು ಸಲ ಹೇಳಿದಳು.

"ಅಲ್ಲಿ ಹುಳ ಇನ್ನೂ ಜಾಸ್ತಿ ಇರ್ತಾವಮ್ಮ. ಇದು ಅಲ್ಲಿಗೆ ಬೇಕಾಗುತ್ತೆ" ಎಂದು ಭಾವ ಬಾಟಲಿಯನ್ನು ಕಾಲುಚೀಲದಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಸೇರಿಸಿದರು.

ಬೆಂಬಲ ಕೊಟ್ಟವರಿಗೆಲ್ಲ ಕೊನೆಯದಾಗಿ ಹೇಳಿ ಬರಬೇಕೆಂದು ಮತ್ತೆ ಸುತ್ತಾಡಿದರು. ಅರಳಸುರಳಿಯ ಆಚೆ, ಸ್ಕೂಟರು ಹೋಗದ ಒಂದು ಮನೆಗೆ ಕಾಡಿನ ಕಾಲುದಾರಿಯಲ್ಲಿ ನಡೆದರು. ದಣಿವಾಯಿತೆಂದು ಮರದಡಿ, ತರಗೆಲೆಯ ಮೇಲೆ ಕೂತು ಪ್ರಾರ್ಥನೆ ಮಾಡಿದರಂತೆ. ಅದನ್ನು ಅವರೇ ಹೇಳಿದ್ದು. ವಾರದೊಳಗೆ ಜ್ವರ ಬಂತು. ಹಾಸಿಗೆಯ ಮೇಲೂ ತಮಾಷೆ ಬಿಡಲಿಲ್ಲ.

"ಮಲೇರಿಯಾಕ್ಕೆ ಟ್ರೇನಿಂಗ್ ಕಣೋ ಇದು" ಎಂದು ನನ್ನ ಕೈ ಹಿಡಿದುಕೊಂಡರು. ಅಂಗೈ ಕೆಂಡದಂತೆ ಸುಡುತ್ತಿತ್ತು.

ಹೊಸನಗರದಿಂದ ದೊಡ್ಡಾಸ್ಪತ್ರೆಗೆ ಒಯ್ದೆವು. ವಸಡಿನಿಂದ ರಕ್ತ ಬರತೊಡಗಿತು. ಆಮೇಲೆ ಅವರು ಯಾರನ್ನೂ ಗುರುತಿಸಲಿಲ್ಲ. ಮಗಳು ಹತ್ತಿರ ಹೋದಾಗ ಮಾತ್ರ ತುಟಿ ಅಲ್ಲಾಡಿತು. ಕಂಡುಕೇಳರಿಯದ ದೇಶದ ರೋಗಗಳಿಗೆಲ್ಲ ಬೇಲಿ ಹಾಕಿಕೊಂಡಿದ್ದ ಮನುಷ್ಯನನ್ನು ನಮ್ಮದೇ ಕಾಡಿನ ಎಳ್ಳುಕಾಳಿನಷ್ಟು ಹುಳ ಮುಗಿಸಿತು. ಯಾರ ಮೇಲೆ ಸಿಟ್ಟು ಮಾಡಲಿ? ದೇವರ ಮೇಲೆ ಮಾಡಿದೆ. ಈಗಲೂ ಪೂರ್ತಿ ಇಳಿದಿಲ್ಲ.

ಮೂರನೇ ಬೀಳ್ಕೊಡುಗೆಗೂ ಅದೇ ಶಾಲು ಹೊದಿಸಿದೆವು. ಮಣ್ಣು ಮಾಡಿ ಬಂದ ಮೇಲೆ ಅಕ್ಕ ಸೂಟ್‌ಕೇಸು ತೆರೆದಳು. ಕಾಲುಚೀಲದೊಳಗಿನ ಎಣ್ಣೆ ಬಾಟಲಿ ಕೈಗೆ ಸಿಕ್ಕಿತು. ಮುಚ್ಚಳದ ಸೀಲೂ ಒಡೆದಿರಲಿಲ್ಲ. ಅವಳು ಅದನ್ನು ಮೊದಲಿದ್ದಂತೆಯೇ ಸುತ್ತಿ, ಅಲ್ಲೇ ಇಟ್ಟು, ಬೀಗ ಹಾಕಿದಳು.

ಈ ಸಲದ ಕೊಯ್ಲಿನ ಹಬ್ಬಕ್ಕೆ ಎಲ್ಲರೂ ಭತ್ತ, ಬಾಳೆಗೊನೆ, ಕುಂಬಳಕಾಯಿ ತಂದರು. ಅಕ್ಕ ಆ ಸೂಟ್‌ಕೇಸನ್ನು ಎಳೆದುಕೊಂಡು ಬಂದಳು. ನಾನು ಅವಳ ಕೈ ಹಿಡಿದು, "ಬೇಡ ಅಕ್ಕಾ" ಎಂದೆ.

"ಮನೆಯಲ್ಲಿ ಎಲ್ಲಿ ಇಟ್ರೂ ಹೊರಟು ನಿಂತಂಗೆ ಕಾಣುತ್ತೆ ಕಣೋ. ನೋಡಕ್ಕಾಗಲ್ಲ" ಎಂದಳು.

ಏಲಂ ಕೂಗಲು ನಿಂತವರು ಸಭೆಯ ಪಾದ್ರಿ ಅಯ್ಯನವರು. ಯಾರೋ ಗೆದ್ದು "ಮತ್ತೆ ಏಲಂ ಹಾಕಿ" ಎಂದರು. ಇನ್ನೊಬ್ಬರು ಗೆದ್ದರು, ಅವರೂ ತಿರುಗಿಸಿದರು. ಸೂಟ್‌ಕೇಸು ಅಂಗಳದಲ್ಲಿ ಸುತ್ತಿತೇ ಹೊರತು ಯಾರ ಮನೆಗೂ ಹೊರಡಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಹೊಸ ಕೂಗೊಂದು ಬಂತು. ನೋಡಿದರೆ ಪಕ್ಕದ ಮನೆಯ ಹವ್ಯಕರ ಅಮ್ಮ! ತರಕಾರಿ ಕೊಳ್ಳಲು ಬಂದವರು. ಅಯ್ಯನವರು "ಒಂದು ಸಲ" ಎಂದರು. "ಎರಡು ಸಲ" ಎಂದರು. ಅಷ್ಟಕ್ಕೇ ನಿಂತರು. ಭಾವ ನಿಲ್ಲುತ್ತಿದ್ದ ಜಾಗವದು.

ನಮ್ಮ ಪದ್ಧತಿ ತಿಳಿಯದ ಅಮ್ಮ ಏಲಂ ಮುಗಿಯಿತೆಂದೇ ಎದ್ದು ಬಂದರು. ಸೂಟ್‌ಕೇಸಿನ ಹಿಡಿಕೆ ಹಿಡಿದು ಎಳೆದುಕೊಂಡು ಅಕ್ಕನ ಎದುರು ತಂದು ನಿಲ್ಲಿಸಿದರು.

"ಇದು ಮನೆಲೇ ಇರ್ಲಿ ತಂಗಿ. ಅಂವ ಬಂದವ್ಕೆಲ್ಲ ಕರಿಬೂ ಹೇಳ್ತಿದ್ದ. ಅಂವಂಗೆ ಹೇಳಲೆ ಯಾರೂ ಇಲ್ದೇ ಹೋತು" ಎಂದರು.

ಆಮೇಲೆ ಬಗ್ಗಿ, ಮನೆಗೆ ಬಂದ ಮಗುವಿನ ತಲೆ ಸವರುವಂತೆ ಆ ನೀಲಿ ಸೂಟ್‌ಕೇಸನ್ನು ಸವರಿ, "ಕರಿಬೂ ತಮಾ" ಎಂದರು.

ಅಕ್ಕ ಅದನ್ನು ಮನೆಗೆ ಎಳೆದುಕೊಂಡು ಹೋದಳು. ಅಯ್ಯನವರು "ಮೂರು ಸಲ" ಎಂದು ಇವತ್ತಿಗೂ ಹೇಳಿಲ್ಲ.