ಹಿರಿಯಳಿಯನ ಕರೆಗುಡ್ಡಾರೋಹಣ

ನಾಲ್ಕು ಚಕ್ರದ ವಾಹನವುಳ್ಳವನೇ ಪುರುಷೋತ್ತಮನೆಂದೂ, ಆ ವಾಹನಕ್ಕೆ ಕೆಸರು ಮೆತ್ತಿಸಿಕೊಂಡು ಬಂದವನು ಪುರುಷೋತ್ತಮರಲ್ಲಿಯೂ ಪರಮನೆಂದೂ ಲೋಕವು ಒಪ್ಪಿಕೊಂಡಿರುವ ಈ ಮಹಾಯುಗವನ್ನು ಮೊದಲು ನೆನೆಯೋಣ. ಡೀಸೆಲ್‌ಧೂಮಕ್ಕೂ ಕೆಮ್ಮದ ವಾಗ್ದೇವಿಯೇ, ಎಂಜಿನ್ನಿನ ಆರ್ಭಟದ ನಡುವೆ ಕೇಳಿಸುವಂಥ ಕಂಠವನ್ನು ನನಗೆ ಕರುಣಿಸು. ಗದಗಿನ ರೆಡಿಮೇಡ್ ಬಟ್ಟೆ ವ್ಯಾಪಾರಿಯೂ, ಪಾರವ್ವನ ಹಿರಿಯಳಿಯನೂ, ಶ್ವೇತವರ್ಣಶೋಭಿತಮಹಾಶಕಟಾಧೀಶ್ವರನೂ ಆದ ಗುರುಪಾದಪ್ಪನು ಕರೆಗುಡ್ಡವನ್ನೇರಿದ ಕಥೆಯನ್ನು ಹಾಡಬೇಕಾಗಿದೆ.

ಯುದ್ಧಕ್ಕೆ ಕಾರಣವಿಷ್ಟು. ಗುಡ್ಡದ ನೆತ್ತಿಯಲ್ಲಿ ಅತ್ತೆಯ ಮನೆದೇವತೆ ಗುಡ್ಡದವ್ವ ಇದ್ದಾಳೆ. ಹೋದ ವರ್ಷ ಅತ್ತೆಯನ್ನು ಅಲ್ಲಿಗೆ ಜೀಪಿನಲ್ಲಿ ಹತ್ತಿಸಿದವನು ಕಿರಿಯಳಿಯ ಚನ್ನವೀರ. ಅವನ ಜೀಪೋ, ಗಜಪಾದಸಮಾನಟೈರುಗಳಿಂದಲೂ, ಗಾಳಿಯೆಳೆಯುವ ಸೊಂಡಿಲಿನಿಂದಲೂ, ಮೂತಿಗೆ ಸುತ್ತಿದ ಉಕ್ಕಿನ ಹಗ್ಗದಿಂದಲೂ ಘೋರರೂಪ ತಾಳಿದ್ದು. ಅಂದಿನಿಂದ ಅತ್ತೆಮನೆಯಲ್ಲಿ ಯಾರು ಬಾಯಿ ತೆರೆದರೂ ಚನ್ನವೀರನದೇ ಹೊಗಳಿಕೆ. ಹಿರಿಯಳಿಯನೊಬ್ಬ ಇದ್ದಾನೆಂಬುದನ್ನೇ ಜನ ಮರೆತಂತಿತ್ತು. ಗುರುಪಾದಪ್ಪನಿಗೆ ಹೊಟ್ಟೆ ಉರಿಯಿತು; ಮುಚ್ಚುಮರೆಯೇಕೆ, ನಿದ್ದೆಯೂ ಕೆಟ್ಟಿತು. ಈ ವರ್ಷ ಅತ್ತೆಯನ್ನು ತಾನೇ ಗುಡ್ಡ ಹತ್ತಿಸಿ, ಹೋದ ಮಾನವನ್ನು ಮರಳಿ ತರಲೇಬೇಕೆಂದು ಅವನು ಶಪಥ ಮಾಡಿದನು.

ಅವನ ರಥವಾದರೋ ಶೋರೂಮಿನಿಂದ ಇಳಿದಂತೆಯೇ ಇತ್ತು. ಹೆಚ್ಚಿಗೆ ಸೇರಿದ್ದು ಹೆಂಡತಿ ಸುವರ್ಣಾಳ ಹೆಣಿಗೆಯ ಕಲೆಯೊಂದೇ. ಮನೆಯ ಟಿವಿ, ಮಿಕ್ಸಿ, ನೀರಿನ ಫಿಲ್ಟರುಗಳಿಗೆಲ್ಲ ಉಣ್ಣೆಯ ಅಂಗಿ ತೊಡಿಸಿ ಮುಗಿಸಿದ್ದ ಆ ಸಾಧ್ವಿಯು ಗಾಡಿಯ ತಲೆದಿಂಬುಗಳಿಗೂ ಗೇರುಗಳಿಗೂ ಗುಲಾಬಿ ಬಣ್ಣದ, ಗೊಂಡೆಗಳುಳ್ಳ ಕುಲಾವಿ ಹೆಣೆದಿದ್ದಳು. ನಾಲ್ಕೂ ಗಾಲಿಗೆ ಬಲ ಕೊಡುವ ಚಿಕ್ಕ ಗೇರು ಕೂಡ ಕುಲಾವಿ ತೊಟ್ಟು ಕೂಸಿನಂತೆ ಕುಳಿತಿತ್ತು.

ಗುಡ್ಡದ ಬುಡದಲ್ಲಿ ವೀರರು ಎದುರಾದರು. ಅತ್ತೆ ಮುಂದಿನ ಸೀಟಿನಲ್ಲಿ, ಸುವರ್ಣಾ ಹಿಂದೆ; ಸಾಕ್ಷಿಗೆಂದು ಚನ್ನವೀರ ತನ್ನ ಜೀಪಿನಲ್ಲಿ.

"ಅಣ್ಣಾರ, ಇದು ಬಜಾರಕ್ಕ ಹೋಗೋ ಗಾಡಿ. ಸುಮ್ನ ನನ್ನ ಜೀಪಿಗೆ ಬರ್ರಿ," ಎಂದನು ಷಡ್ಡಕ.

"ಎಲೈ ಪರಿಕರಬಲಗರ್ವಿತನೇ, ಸಹಜಶೌರ್ಯಕ್ಕೆ ಆಭರಣವೇಕೆ?" ಎಂಬರ್ಥ ಬರುವಂತೆ ಗುರುಪಾದಪ್ಪನು ಗರ್ಜಿಸಿದನು. ಅವನ ಬಾಯಿಂದ ಬಂದದ್ದು ಮಾತ್ರ ಹೀಗೆ: "ಲೇ ಚನ್ನ್ಯಾ, ನಿನ್ನ ಜೀಪಿಗೆ ಸೊಂಡಿ ಬೇಕು, ಹಗ್ಗ ಬೇಕು. ನನ್ನ ಗಾಡಿಗೆ ನಾ ಒಬ್ಬಾವ ಸಾಕು!"

ಹೀಗೆಂದು ಚಿಕ್ಕ ಗೇರನ್ನು ಎಳೆದನು. ಅದು ಅರ್ಧ ಬಂದು ನಿಂತಿತು. ಹಿಂದೆಂದೂ ಅದನ್ನು ಮುಟ್ಟದವನಾದ್ದರಿಂದ ಅಷ್ಟೇ ಬರುವುದೆಂದು ತಿಳಿದನು. ಶಕಟವು ಕಲ್ಲುಗಳನ್ನು ಸಿಡಿಸುತ್ತ, ಜಾಲಿಕಂಟಿಗಳಿಗೆ ಮೈ ತರಚಿಕೊಳ್ಳುತ್ತ, ಪ್ರತಿ ತರಚಿಗೂ ಒಡೆಯನ ಎದೆಯನ್ನು ಹಿಂಡುತ್ತ ಏರಿತು. ನಡುದಾರಿಯ ಕೊರಕಲಿನಲ್ಲಿ ಹಿಂದಿನ ಗಾಲಿಗಳು ಮಣ್ಣು ತೋಡತೊಡಗಿದವು. ಗುರುಪಾದಪ್ಪನು ಆಕ್ಸಿಲರೇಟರನ್ನು ತುಳಿದನು. ಧೂಳು ಆಕಾಶಕ್ಕೇರಿತು, ಗಾಡಿ ಇದ್ದಲ್ಲೇ ಇತ್ತು. ಆರನೇ ಸಲ ತುಳಿಯುವ ಹೊತ್ತಿಗೆ ಪಾರವ್ವ ಚೀಲ ಹಿಡಿದು ಮೆಲ್ಲಗೆ ಇಳಿದಳು.

"ಅತ್ತ್ಯಾರ, ಕುಂದರ್ರಿ! ಒಂದ ನಿಮಿಷ!"

"ನಿಮ್ಮ ಕೆಲಸಾ ನೀವು ಮಾಡ್ರಿ ಅಳ್ಯಾರ. ನಾ ಹಿಂಗ ನಡಕೋತ ಹೊಕ್ಕೀನಿ," ಎಂದು ಅವಳು ಹೊರಟೇಬಿಟ್ಟಳು. ಮುದುಕಿಗೆ ಹತ್ತಲಾಗದೆಂದು ಅಳಿಯಂದಿರೇ ನಿರ್ಧರಿಸಿದ್ದರು; ಅವಳನ್ನು ಯಾರೂ ಕೇಳಿರಲಿಲ್ಲ.

ಗುರುಪಾದಪ್ಪನ ಕಣ್ಣಲ್ಲಿ ನೀರಾಡಿತು. ಆಗ ಹಿಂದಿನಿಂದ ಚನ್ನವೀರ ಕೂಗಿದನು: "ಅಣ್ಣಾರ, ಮುಂದಿನ ಗಾಲಿ ತಿರಗವಲ್ವು! ಸಣ್ಣ ಗೇರ ಬಿದ್ದಿಲ್ಲ!"

ನೋಡಿದರೆ ಕುಲಾವಿಯ ಗೊಂಡೆಯು ಗೇರಿನ ಸಂದಿಯಲ್ಲಿ ಬೆಣೆಯಂತೆ ಸಿಕ್ಕಿದೆ! ವೀರನು ಚಾಕುವಿಗೆ ಕೈಹಾಕಿದನು.

"ರೀ, ಚಾಕು ಹಚ್ಚೀರಿ ಅಂದ್ರ ನೋಡ್ರಿ ಮತ್ತ! ಎರಡ ತಿಂಗಳು ಹೆಣದೀನಿ," ಎಂದು ಸುವರ್ಣಾ ಹಿಂದಿನಿಂದ ಬಾಗಿ, ಅರ್ಧ ತಾಸು ಬೈಯುತ್ತಲೇ ಗೊಂಡೆಯನ್ನು ಎಳೆ ಕಿತ್ತುಹೋಗದಂತೆ ಬಿಡಿಸಿ, ಕುಲಾವಿಯನ್ನು ಕಳಚಿಕೊಂಡಳು.

ಗೇರು ಟಕ್ಕೆಂದು ಬಿತ್ತು. ಅಹೋ! ನಾಲ್ಕೂ ಚಕ್ರಗಳು ನೆಲ ಕಚ್ಚಿದವು. ಶೋರೂಮಿನ ಟೈರುಗಳಲ್ಲೇ ಶಕಟವು ಕೊರಕಲನ್ನು ದಾಟಿ, ಬಂಡೆಗಳನ್ನು ಮೆಟ್ಟಿ, ಗುಡಿಗೆ ಕೂಗಳತೆಯಲ್ಲಿ ನಡೆಯುತ್ತಿದ್ದ ಅತ್ತೆಯ ಪಕ್ಕಕ್ಕೆ ಬಂದು ನಿಂತಿತು. ಚನ್ನವೀರನೂ ಹಿಂದೆಯೇ ಬಂದು ನಿಂತನು.

"ಗೆದ್ದೆ ಅತ್ತ್ಯಾರ! ಹತ್ತರ್ರಿ!" ಎಂದು ಹಿರಿಯಳಿಯನು ಬಾಗಿಲು ತೆರೆದನು.

ಪಾರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ತಪ್ಪ ತಿಳ್ಕೋಬ್ಯಾಡ್ರಿ. ಹೋದ ವರ್ಷ ಚನ್ನವೀರಪ್ಪನ ಜೀಪಿನ್ಯಾಗ ಕುಂತು ಸೊಂಟ ಹಿಡಕೊಂಡು ವಾರಗಟ್ಲೆ ನರಳೀನಿ. ಅವರಿಗೆ ಬ್ಯಾಸರಾಗಬಾರ್ದಂತ ಎಲ್ಲಾರ ಮುಂದ ಹೊಗಳಿದೆ. ಈ ಸಲ ನೀವು ಹೊಂಟ್ರಿ. ನಿಮಗರ ಒಲ್ಲೆ ಅಂತ ಹೆಂಗ ಅನ್ಲಿ? ಅದಕ್ಕ, ಅಳ್ಯಾರ ಗಾಡಿ ನಡುದಾರ್ಯಾಗ ನಿಂದ್ರಲೆವ್ವಾ, ನಡಕೊಂಡ ಬಂದು ನಿನಗ ಕಾಯಿ ಒಡಸ್ತೀನಿ ಅಂತ ಗುಡ್ಡದವ್ವಗ ಹರಕಿ ಹೊತ್ತಿದ್ದೆ."

ಇಬ್ಬರು ಮಹಾರಥರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಂಜಿನ್ನುಗಳು ಆರಿದವು. ಅತ್ತೆಯ ಚೀಲಕ್ಕೆ ಇಬ್ಬರೂ ಒಟ್ಟಿಗೆ ಕೈಹಾಕಿದರು. ನಾ ಹಿಡೀತೀನಿ, ನಾ ಹಿಡೀತೀನಿ ಎಂದು ಜಗ್ಗಾಡಿ, ಕೊನೆಗೆ ಒಂದೊಂದು ಹಿಡಿಕೆಯನ್ನು ಒಬ್ಬೊಬ್ಬರು ಹಿಡಿದು ಅವಳ ಹಿಂದೆ ಏದುಸಿರು ಬಿಡುತ್ತ ಹತ್ತಿದರು. ಚೀಲದಲ್ಲಿದ್ದದ್ದು ಒಂದು ತೆಂಗಿನಕಾಯಿ.