ಅರಳಿಕಟ್ಟೆಗೆ ಹೋದ ಮಾವನವರು

ದೇವರನ್ನು ಮನೆಗೆ ತರುವುದು ಸುಲಭ, ಕಳಿಸುವುದು ಕಷ್ಟ. ಗೃಹಪ್ರವೇಶಕ್ಕೆ ಬಂದವರು ಗಾಜಿನ ಕಟ್ಟು ಹಾಕಿದ ವೆಂಕಟರಮಣನನ್ನು ಕೊಡುತ್ತಾರೆ, ಮದುವೆಗೆ ಹೋದರೆ ತಾಂಬೂಲದ ಜೊತೆ ಅಂಗೈಯಗಲದ ಗಣಪತಿ ಬರುತ್ತಾನೆ, ವರ್ಷ ಮುಗಿದರೂ ಕ್ಯಾಲೆಂಡರಿನ ಲಕ್ಷ್ಮಿಯನ್ನು ಎಸೆಯಲು ಕೈ ಬರುವುದಿಲ್ಲ. ಗಾಜು ಒಡೆದ ದೇವರ ಫೋಟೋ ಮನೆಯಲ್ಲಿ ಇರಬಾರದು, ಕಸಕ್ಕೂ ಹಾಕಬಾರದು. ಹಸಿ ಕಸ, ಒಣ ಕಸ ಎಂದು ಗದರಿಸುವ ಆಟೋದವನ ಬಳಿ ದೇವರಿಗೆಂದು ಮೂರನೆಯ ಬುಟ್ಟಿ ಇಲ್ಲ. ಹಾಗಾಗಿ ನಮ್ಮ ಹೇರೋಹಳ್ಳಿಯಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡುತ್ತೇನೆ. ಅರಳಿಮರದ ಕಟ್ಟೆಯ ಮೇಲಿಟ್ಟು, ಕೈಮುಗಿದು, ತಿರುಗಿ ನೋಡದೆ ಬಂದುಬಿಡುತ್ತೇನೆ. ಈ ಸಲ ತಿರುಗಿ ನೋಡಬೇಕಿತ್ತು.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ನನ್ನ ಹೆಂಡತಿ ರತ್ನ ಗೋಡೆಯ ಮೇಲಿದ್ದುದನ್ನೆಲ್ಲ ಇಳಿಸಿ ಧೂಳು ಹೊಡೆದಳು. ಫೋಟೋಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಎರಡು ಗಂಟು ಮಾಡಿ, "ಹಾಲ್‌ನಲ್ಲಿರೋದು ಕಟ್ಟೆಗೆ. ರೂಮಲ್ಲಿರೋದು ಮುಟ್ಬೇಡಿ, ಅಪ್ಪನ ಫೋಟೋ ಇದೆ" ಎಂದಳು. ನಾನು ಮೊಬೈಲ್ ನೋಡುತ್ತಾ "ಹ್ಞೂಂ" ಎಂದೆ. ನಮ್ಮ ಸಂಸಾರದ ಹೆಚ್ಚಿನ ಅನಾಹುತಗಳು ಶುರುವಾಗಿರುವುದು ಈ "ಹ್ಞೂಂ"ನಿಂದಲೇ. ಮರುದಿನ ಬೆಳಗ್ಗೆ ಎರಡೂ ಗಂಟುಗಳನ್ನು ಸ್ಕೂಟರಿನಲ್ಲಿಟ್ಟುಕೊಂಡು ಹೋಗಿ ಕಟ್ಟೆಯ ಮೇಲೆ ಇಳಿಸಿ, ಒಂದು ಕೆಲಸ ಮುಗಿಯಿತೆಂದು ಹೋಟೆಲಿನಲ್ಲಿ ಕಾಫಿಯನ್ನೂ ಕುಡಿದು ಬಂದೆ.

ಮಾವನವರ ವಿಷಯ ಸ್ವಲ್ಪ ಹೇಳಬೇಕು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು, ಎಲ್ಲ ರಿಪೇರಿಯನ್ನೂ ತಾವೇ ಮಾಡುವವರು. ಹೆಣ್ಣು ನೋಡಲು ಹೋದ ದಿನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಬಲ್ಬ್ ಬದಲಾಯಿಸೋಕೆ ಬರುತ್ತಾ?" ನಾನು, "ಎಲೆಕ್ಟ್ರಿಷಿಯನ್ ಇದ್ದಾನೆ ಸಾರ್" ಎಂದೆ. ಅವರು ನನ್ನನ್ನೊಮ್ಮೆ ನೋಡಿದರು. ಆ ನೋಟಕ್ಕೆ ಹೆದರಿ ನಾನು ಅವರಿದ್ದಷ್ಟು ಕಾಲ ಅವರ ಎದುರು ಕೂತವನಲ್ಲ. ದಿನಾ ಗಡ್ಡ ಹೆರೆಯುತ್ತಿದ್ದ ಮನುಷ್ಯ ಒಮ್ಮೆ ಮಾತ್ರ ಹರಕೆಗೆಂದು ಗಡ್ಡ ಬಿಟ್ಟಿದ್ದರು. ಅದೇ ಹೊತ್ತಿನಲ್ಲಿ ಯಾರೋ ಶಾಲು ಹೊದಿಸಿ ಸ್ಟುಡಿಯೋಗೆ ಕರೆದೊಯ್ದರು. ಮನುಷ್ಯ ಎಪ್ಪತ್ತು ವರ್ಷ ಒಂದು ಮುಖದಲ್ಲಿ ಬದುಕಿ, ಗೋಡೆಗೆ ಇನ್ನೊಂದು ಮುಖದಲ್ಲಿ ಏರುತ್ತಾನೆ. ನೋಟ ಮಾತ್ರ ಅದೇ ಇತ್ತು.

ಅಮಾವಾಸ್ಯೆಯ ಬೆಳಗ್ಗೆ ರತ್ನ, "ಅಪ್ಪನ ಫೋಟೋ ಎಲ್ರೀ? ಎಡೆ ಇಡೋ ಹೊತ್ತಾಯ್ತು" ಎಂದಾಗಲೇ ನನಗೆ ರೂಮಿನ ಗಂಟು ನೆನಪಾದದ್ದು. "ಗಾಜು ಒರೆಸೋಕೆ ಫ್ರೇಮ್ ಅಂಗಡಿಗೆ ಕೊಟ್ಟಿದ್ದೆ, ಈಗ ತರ್ತೀನಿ" ಎಂದು ಸ್ಕೂಟರ್ ಹತ್ತಿದೆ. ಅವಳ ಬಳಿ ಅವಳಪ್ಪನ ಫೋಟೋ ಇರುವುದು ಅದೊಂದೇ. ಆ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಪಾನಿಪೂರಿ ಮಾರುತ್ತಾರೆ. ಫೋಟೋ ಸಿಗದಿದ್ದರೆ ಯಾವ ಮುಖ ಹೊತ್ತು ಮನೆಗೆ ಹೋಗುವುದೆಂದು ದಾರಿಯುದ್ದಕ್ಕೂ ನಿಜವಾಗಿ ಹೆದರಿದ್ದೆ.

ಫೋಟೋ ಇತ್ತು. ಕಟ್ಟೆಯ ಬಳಿ ಹೂ ಮಾರುವ ಜಯಮ್ಮ ಗಂಟು ಬಿಚ್ಚಿ ಎಲ್ಲವನ್ನೂ ಸಾಲಾಗಿ ನಿಲ್ಲಿಸಿದ್ದರು. ಗಾಜು ಒಡೆದ ರಾಮನಿಗೂ ಕ್ಯಾಲೆಂಡರಿನ ಲಕ್ಷ್ಮಿಗೂ ನಡುವೆ ನಮ್ಮ ಮಾವ! ಹಣೆಗೆ ಕಾಸಗಲ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ, ಮುಂದೆ ಊದುಬತ್ತಿ.

"ಅಮ್ಮಾ, ಇದೊಂದು ತಪ್ಪಾಗಿ ಬಂದಿದೆ, ತಗೊಂಡ್ಹೋಗ್ತೀನಿ" ಎಂದೆ.

"ಬೇಡ ಅಂತ ಬಿಟ್ಹೋಗೋದು, ಆಮೇಲೆ ಬೇಕು ಅನ್ನೋದಾ ಸಾರ್? ಯಾವ ಸ್ವಾಮಿಗಳು ಅಂತಾನಾದ್ರೂ ಗೊತ್ತಾ ನಿಮ್ಗೆ?"

"ಸ್ವಾಮಿಗಳಲ್ಲಮ್ಮ. ನಮ್ಮ ಮಾವ."

ಜಯಮ್ಮ ಫೋಟೋ ನೋಡಿದರು, ನನ್ನನ್ನು ನೋಡಿದರು. ಸಂಬಂಧ ಕೂಡಿಬರಲಿಲ್ಲವೆಂದು ಮುಖದಲ್ಲೇ ಗೊತ್ತಾಯಿತು. "ಸುಳ್ ಹೇಳ್ಬೇಡಿ. ಆ ಕಣ್ಣು ನೋಡಿ, ಎಂಥಾ ಕಣ್ಣು! ತವ್ರಿಗೆ ಹೋಗಿದ್ದ ನಮ್ ಸೊಸೆ ವಾಪಸ್ ಬರ್ಲಪ್ಪಾ ಅಂತ ನಿನ್ನೆ ಕೇಳ್ಕೊಂಡೆ, ಸಾಯಂಕಾಲಕ್ಕೆ ಬಂದ್ಲು. ನಿಮ್ಮೋರೇ ಆಗಿದ್ರೆ ಅಡ್ಡಬಿದ್ದು ಕೇಳಿ, ಕರ್ಕೊಂಡ್ಹೋಗಿ."

ಬೇರೆ ದಾರಿ ಇರಲಿಲ್ಲ. ಚಪ್ಪಲಿ ಬಿಟ್ಟು, ಹೇರೋಹಳ್ಳಿಯ ಅಷ್ಟೂ ಧೂಳಿನಲ್ಲಿ ಉದ್ದಕ್ಕೆ ಮಲಗಿದೆ. ಮದುವೆಯ ದಿನ ಪುರೋಹಿತರು ಹೇಳಿದರೆಂದು ಬಿದ್ದದ್ದು ಬಿಟ್ಟರೆ ಅವರ ಕಾಲಿಗೆ ಬಿದ್ದದ್ದು ಅದೇ ಮೊದಲು. "ಮಾವಾ, ನಿಮ್ಮ ಮಗಳಿಗೆ ಮಾತ್ರ ಗೊತ್ತಾಗೋದು ಬೇಡ" ಎಂದು ಬೇಡಿಕೊಂಡೆ.

ಗಡಿಬಿಡಿಯಲ್ಲಿ ಕುಂಕುಮ ಒರೆಸುವುದನ್ನೂ ಹಾರ ತೆಗೆಯುವುದನ್ನೂ ಮರೆತು ಮನೆಗೆ ತಂದೆ. ರತ್ನ ಫೋಟೋ ಹಿಡಿದು ಹಾರವನ್ನು ಮುಟ್ಟಿ ನೋಡಿದಳು. "ಹಾರ, ಕುಂಕುಮ... ನೀವಾ ಮಾಡ್ಸಿದ್ದು?"

"ಹ್ಞೂಂ."

ಅವಳ ಕಣ್ಣು ತುಂಬಿತು. "ಅಪ್ಪ ಇದ್ದಾಗ ಒಂದಿನ ಎದುರಿಗೆ ಕೂತು ಮಾತಾಡ್ಲಿಲ್ಲ ನೀವು. ಒಳಗೊಳಗೇ ಇಷ್ಟು ಗೌರವ ಇಟ್ಕೊಂಡಿದ್ರಾ?" ಎಂದಳು. ನನಗೆ ನಾಚಿಕೆಯಾಯಿತು. ಆದರೆ ನಿಜ ಹೇಳುವಷ್ಟು ಆಗಲಿಲ್ಲ.

ಅಂದಿನಿಂದ ಮಾವನವರಿಗೆ ದಿನಾ ಹೂ ಹಾಕುವ ಕೆಲಸ ನನ್ನದಾಗಿದೆ. ಹೂವು ಕೊಳ್ಳುವುದು ಜಯಮ್ಮನ ಬಳಿಯೇ. "ಸ್ವಾಮಿಗಳು ಚೆನ್ನಾಗಿದಾರಾ?" ಎಂದು ಅವರು ಕೇಳುತ್ತಾರೆ, ಚೆನ್ನಾಗಿದ್ದಾರೆ ಎನ್ನುತ್ತೇನೆ. ನಿನ್ನೆ ಆ ಫೋಟೋದ ಮೇಲಿನ ಬಲ್ಬ್ ಕೆಟ್ಟಿತು. ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಲು ಮೊಬೈಲ್ ತೆಗೆದವನು ಯಾಕೋ ತಲೆಯೆತ್ತಿದೆ. ಅವರು ನೋಡುತ್ತಿದ್ದರು. ಮೊಬೈಲ್ ಜೇಬಿಗಿಟ್ಟು, ಅಡುಗೆಮನೆಯಿಂದ ಸ್ಟೂಲ್ ತಂದೆ.